ಹಾರ್ಡ್ ಡಿಸ್ಕ್‌ಗೆ ಎಕ್ಸ್‌ರೇ ಭಯ ಬೇಡ, ಬೀಳಿಸಬೇಡಿ ಅಷ್ಟೇ

ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಹಾರ್ಡ್ ಡಿಸ್ಕ್ ಹೋದರೆ ಡೇಟಾ ಅಳಿಸಿಹೋಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಡೇಟಾ ಇರುವುದು ಕಾಂತದ ಗುರುತುಗಳಾಗಿ, ಆ ಎಕ್ಸ್‌ರೇ ಅವನ್ನು ಮುಟ್ಟುವುದಿಲ್ಲ. ಹಾಳಾಗುವುದು ಹಳೇ ಕ್ಯಾಮೆರಾದ ಫಿಲ್ಮ್ ರೋಲ್. ಅದನ್ನು ಮಾತ್ರ ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಿಕೊಳ್ಳಿ.

ಡಿಸ್ಕ್ ತಡೆದುಕೊಳ್ಳದಿರುವುದು ಪೆಟ್ಟು. ಡಿಸ್ಕ್ ಕೆಲಸ ಮಾಡುತ್ತಿರುವಾಗ ಒಳಗೆ ತಟ್ಟೆ ನಿಮಿಷಕ್ಕೆ 5,400 ಸುತ್ತೋ 7,200 ಸುತ್ತೋ ತಿರುಗುತ್ತಿರುತ್ತದೆ. ಓದುವ ಹೆಡ್ ಅದರ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ಸಂದಿಯಲ್ಲಿ ತೇಲುತ್ತಿರುತ್ತದೆ. ಆಗ ಕೈ ಜಾರಿದರೆ ಮುಗೀತು! ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಡಿ, ಇನ್ನೊಂದು ಕಾಪಿ ಮನೆಯಲ್ಲಿರಲಿ.

ನಮಗೇನೂ ಆಗಲ್ವಾ? ಸ್ಕ್ಯಾನರ್ ಬಾಯಿಗೆ ಸೀಸದ ಪರದೆ ಇರುವುದೇ ಎಕ್ಸ್‌ರೇ ಹೊರಗೆ ಬರದಿರಲಿ ಅಂತ. ವಿಮಾನ ಮೇಲೇರಿದ ಮೇಲೆ ಬಾಹ್ಯಾಕಾಶದಿಂದ ಬೀಳುವ ವಿಕಿರಣವೇ ಸ್ಕ್ಯಾನರ್‌ನಿಂದ ನಮಗೆ ತಾಗುವುದಕ್ಕಿಂತ ಜಾಸ್ತಿ. ಮಕ್ಕಳು ಪರದೆಯೊಳಗೆ ಕೈ ಹಾಕದಂತೆ ಮಾತ್ರ ನೋಡಿಕೊಳ್ಳಿ.