ಬಟವಾಡೆಗಾಗಿ ಸಚಿನ್ ಕಾರ್ಡು ಮಾರಿದ್ದು

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ದೇಶಕ್ಕೆ ಬೀಗ ಬಿದ್ದದ್ದೂ ಅದೇ ದಿನ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ನಮ್ಮಂಥವರಿಗೆ ಯುಗಾದಿಯಿಂದ ರಂಜಾನ್‌ವರೆಗಿನ ಎರಡು ತಿಂಗಳೇ ಸುಗ್ಗಿ. ಕೌಲ್ ಬಜಾರಿನ ನನ್ನ ಪುಟ್ಟ ಘಟಕದಲ್ಲಿ ಎಂಟು ಮಷೀನು, ಆರು ಜನ ಟೈಲರುಗಳು. ಹೊಲಿದು, ವಾಷಿಂಗ್ ಮುಗಿಸಿ, ಲೇಬಲ್ ಹಚ್ಚಿ ಕಟ್ಟಿಟ್ಟ ಮಾಲು ಗೋಡೆಗೆ ಒರಗಿ ಕೂತೇ ಬಿಟ್ಟಿತು. ಹೊರರಾಜ್ಯದ ವ್ಯಾಪಾರಿಗಳು ಹಳೆಯ ಬಾಕಿ ಕೊಡಲಿಲ್ಲ, ಹೊಸದನ್ನು ಕೇಳಲಿಲ್ಲ.

ಆಗಸ್ಟ್ ಹೊತ್ತಿಗೆ ಹೆಂಡತಿಯ ಬಳೆಗಳು ಒತ್ತೆಗೆ ಹೋಗಿದ್ದವು. ಮನೆಯಲ್ಲಿ ಉಳಿದ ಬೆಲೆಬಾಳುವ ವಸ್ತು ನನ್ನ ಕ್ರಿಕೆಟ್ ಕಾರ್ಡುಗಳ ಸಂಗ್ರಹ ಒಂದೇ. ಅದನ್ನು ಹೇಗೆ ಮಾರಿದೆ, ಎಲ್ಲಿ ತಪ್ಪಿದೆ ಎಂದು ಬರೆಯುತ್ತಿದ್ದೇನೆ. ಇಂಥ ಸ್ಥಿತಿಯಲ್ಲಿ ಇರುವವರು ಯಾರಾದರೂ ಓದಿದರೆ ಒಂದೆರಡು ಸಾವಿರವಾದರೂ ಉಳಿದೀತು.

ಸಂಗ್ರಹದಲ್ಲಿ ನಾಲ್ಕು ಬಗೆ ಇತ್ತು. ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಆಟಗಾರರ ಚಿತ್ರಗಳು. 1987ರ ರಿಲಯನ್ಸ್ ಕಪ್ ನಡೆದಾಗ ನನಗೆ ಒಂಬತ್ತು ವರ್ಷ, ಶಾಲೆಗೆ ಹೋಗುವ ದಾರಿಯ ಅಂಗಡಿಯಲ್ಲಿ ಕೈಯಲ್ಲಿದ್ದ ಚಿಲ್ಲರೆಯೆಲ್ಲ ಅದಕ್ಕೇ. ಎರಡನೆಯದು ಟ್ರಂಪ್ ಕಾರ್ಡುಗಳು, ಆಟಗಾರರ ಅಂಕಿ ಹೋಲಿಸಿ ಎದುರಿನವನ ಕಾರ್ಡು ಗೆಲ್ಲುವ ಆಟದವು. ಕುಂಬ್ಳೆ ಕೈಗೆ ಬಂದರೆ ಕಣ್ಣು ಮುಚ್ಚಿ 'ಬೆಸ್ಟ್ ಬೌಲಿಂಗ್' ಎನ್ನುತ್ತಿದ್ದೆವು. 1993ರ ಹೀರೋ ಕಪ್ ಫೈನಲ್ಲಿನ 6/12 ಅದರಲ್ಲಿ ಅಚ್ಚಾಗಿತ್ತು. ಆಕಿಬ್ ಜಾವೇದ್‌ನ 7/37 ಎದುರಿನವನ ಕೈಯಲ್ಲಿದ್ದರೆ ಮಾತ್ರ ಭಯ. ಮೂರನೆಯದು ಆಸ್ಟ್ರೇಲಿಯಾದ ಫ್ಯೂಟೆರಾ ಕಂಪನಿಯ ಕಾರ್ಡುಗಳು. ಅಲ್ಲಿನ ಪತ್ರಮಿತ್ರನೊಬ್ಬನಿಗೆ ನಾನು ನಮ್ಮ ಗಮ್ ಚಿತ್ರಗಳನ್ನು ಕಳಿಸುತ್ತಿದ್ದೆ, ಅವನು ಇವನ್ನು ಕಳಿಸುತ್ತಿದ್ದ. 1996ರ ವಿಶ್ವಕಪ್ಪಿನಲ್ಲಿ ಸಚಿನ್ 523 ರನ್ ಹೊಡೆದು ಎಲ್ಲರಿಗಿಂತ ಮೇಲೆ ನಿಂತ ವರ್ಷ ಒಂದೇ ಲಕೋಟೆಯಲ್ಲಿ ಐದು ಸಚಿನ್ ಕಾರ್ಡು ಬಂದಿದ್ದವು. ಪೋಸ್ಟ್‌ಮ್ಯಾನ್ ಕೊಟ್ಟ ಆ ಲಕೋಟೆಯನ್ನು ಹರಿಯಲು ಮನಸ್ಸು ಬರದೆ ಆವಿ ಹಿಡಿದು ಬಿಡಿಸಿದ್ದೆ.

ನಾಲ್ಕನೆಯದು ಅಜ್ಜನದು. ಕಂಟೋನ್ಮೆಂಟಿನಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬರ ಮನೆಯಲ್ಲಿ ಅವರು ಕೆಲಸಕ್ಕಿದ್ದರು. ದೊರೆಯ ಸಿಗರೇಟು ಪ್ಯಾಕಿನಿಂದ ಬಿದ್ದ ಚಿತ್ರಗಳನ್ನು ಎತ್ತಿಟ್ಟುಕೊಂಡಿದ್ದರು: ಪ್ಲೇಯರ್ಸ್ ಕಂಪನಿಯ 1934ರ ಕ್ರಿಕೆಟಿಗರ ಸೆಟ್ಟಿನ ಹನ್ನೆರಡು ಕಾರ್ಡು.

ಮೊದಲು ಮಾಡಿದ ಕೆಲಸ, ಎಷ್ಟು ಬೇಕು ಎಂದು ಬರೆದದ್ದು. ಮೂರು ತಿಂಗಳ ಬಾಡಿಗೆ 15,000, ಟೈಲರುಗಳ ಬಟವಾಡೆ ಬಾಕಿ 21,000. ಒಟ್ಟು 36,000. ಆ ಅಂಕಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರದಿದ್ದರೆ ನಾನು ಎಲ್ಲವನ್ನೂ ಮಾರಿಬಿಡುತ್ತಿದ್ದೆ, ಅದೂ ಸಿಕ್ಕ ಬೆಲೆಗೆ. ಊರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ಅರ್ಧ ಗಂಟೆ ತಿರುವಿ ಹಾಕಿ, ಎಲ್ಲಕ್ಕೂ ಸೇರಿ ಏಳು ಸಾವಿರ, ಇವತ್ತೇ ಕೊಟ್ಟರೆ ಮಾತ್ರ ಎಂದರು. ನೋಟು ಎಣಿಸಿ ಮೇಜಿನ ಮೇಲಿಟ್ಟರು. ಹಸಿದವನ ಮುಂದೆ ಅನ್ನ ಇಟ್ಟ ಹಾಗೆ. ಪುಟ ತೆರೆದು 36,000 ನೋಡಿದೆ, ಬೇಡ ಎಂದೆ.

ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಕಾರ್ಡಿನ ಬೆಲೆ ನಿಲ್ಲುವುದು ನಾಲ್ಕು ವಿಷಯದ ಮೇಲೆ: ಚಿತ್ರ ನಡುವಿಗೆ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಬಿಳಿಚಿದೆಯೇ, ಮೈಮೇಲೆ ಗೀರು ಇದೆಯೇ. ಇಲ್ಲಿ ನನಗೆ ದೊಡ್ಡ ಪೆಟ್ಟು ಬಿತ್ತು. ಚೆನ್ನಾಗಿರಲಿ ಎಂದು ಫ್ಯೂಟೆರಾ ಕಾರ್ಡುಗಳನ್ನು ಅಗ್ಗದ ಪಿವಿಸಿ ಆಲ್ಬಮ್ಮಿಗೆ ಹಾಕಿದ್ದೆ. ನಮ್ಮೂರಿನ ಬೇಸಿಗೆಗೆ ಆ ಪ್ಲಾಸ್ಟಿಕ್ಕು ಮೆತ್ತಗಾಗಿ, ಎಣ್ಣೆ ಬಿಟ್ಟು, ಕೆಲವು ಕಾರ್ಡುಗಳ ಹೊಳಪನ್ನೇ ಕಿತ್ತುಕೊಂಡಿತ್ತು. ಸಚಿನ್ ಐದರಲ್ಲಿ ಎರಡು ಹಾಗೆ ಹಾಳಾಗಿದ್ದವು. ಬಿಸ್ಕತ್ತಿನ ತಗಡಿನ ಡಬ್ಬಿಗೆ ಸುಮ್ಮನೆ ತುಂಬಿಟ್ಟಿದ್ದ ಗಮ್ ಚಿತ್ರಗಳೇ ಚೆನ್ನಾಗಿ ಉಳಿದಿದ್ದವು. ಕಾರ್ಡು ಇಡುವವರು ದಯವಿಟ್ಟು ಪಿವಿಸಿ ಬೇಡ ಎಂದು ಕೇಳಿ ಕವರು ಕೊಳ್ಳಿ.

ಬೆಲೆ ತಿಳಿಯಲು ಇಬೇ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ ಮಾರಾಟವಾಗಿ ಮುಗಿದ ಸರಕಿನ ಪಟ್ಟಿ ಮಾತ್ರ ನೋಡಿದೆ. ಮಾರುವವರು ಕೇಳುವ ಬೆಲೆ ಬರೀ ಆಸೆ, ಕೊಂಡವರು ಕೊಟ್ಟದ್ದೇ ಬೆಲೆ. ಅಲ್ಲಿಯ ಡಾಲರನ್ನು ರೂಪಾಯಿಗೆ ಗುಣಿಸಿ ಹಿಗ್ಗಬಾರದು, ಅಂಚೆ ಮತ್ತು ಕಮಿಷನ್ನು ಕಳೆದರೆ ಉಳಿಯುವುದು ಬೇರೆಯೇ ಲೆಕ್ಕ. ಪಿಎಸ್‌ಎಗೆ ಕಳಿಸಿ ಗ್ರೇಡ್ ಮಾಡಿಸು ಎಂದು ಕೆಲವರು ಹೇಳಿದರು. ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕೊಡುವ ಅಮೆರಿಕದ ಕಂಪನಿ ಅದು. ಹತ್ತು ಬರುವ ಕಾರ್ಡಿಗೆ ಸರಿ. ಆರೋ ಏಳೋ ಬರುವಂಥದಕ್ಕೆ ಹೋಗಿಬರುವ ಖರ್ಚೇ ಮೇಲಾಗುತ್ತದೆ. ಬಟವಾಡೆ ಬಾಕಿ ಇಟ್ಟವನಿಗೆ ತಿಂಗಳುಗಟ್ಟಲೆ ಕಾಯಲೂ ಆಗದು. 2021ರ ಮಾರ್ಚ್ ಕೊನೆಗೆ ರಾಶಿ ಬಿದ್ದ ಕೆಲಸ ತಾಳಲಾರದೆ ಪಿಎಸ್‌ಎ ತನ್ನ ಹೆಚ್ಚಿನ ಸೇವೆಗಳನ್ನೇ ಕೆಲಕಾಲ ನಿಲ್ಲಿಸಿದಾಗ, ಕಳಿಸದೇ ಇದ್ದದ್ದು ಒಳ್ಳೆಯದಾಯಿತು ಎನ್ನಿಸಿತು.

ಫೋಟೋಗಳನ್ನು ಬೆಳಿಗ್ಗೆ ಏಳಕ್ಕೆ ಮಾಳಿಗೆ ಮೇಲೆ, ಕಪ್ಪು ಡೆನಿಮ್ ತುಂಡಿನ ಮೇಲಿಟ್ಟು ತೆಗೆದೆ. ಫ್ಲ್ಯಾಷ್ ಇಲ್ಲ. ಎರಡೂ ಮಗ್ಗುಲು, ಜೊತೆಗೆ ದೋಷ ಇದ್ದ ಮೂಲೆ ಹತ್ತಿರದಿಂದ. ದೋಷವನ್ನು ನಾನೇ ಮೊದಲು ತೋರಿಸಿದ್ದರಿಂದ ಚೌಕಾಶಿ ಕಡಿಮೆಯಾಯಿತು, ಒಂದು ಕಾರ್ಡೂ ವಾಪಸು ಬರಲಿಲ್ಲ.

ಫೇಸ್‌ಬುಕ್ಕಿನಲ್ಲಿ ಹಾಕಿದ ಎರಡನೇ ದಿನವೇ ಒಬ್ಬ, ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಅದು ನನಗೆ ಗೊತ್ತಿದ್ದ ಸಂಗತಿ. ಆದರೂ ಬೆರಳು ಪರದೆಯ ಮೇಲೆ ಹೋಗಿತ್ತು, ಕಷ್ಟ ಮನುಷ್ಯನನ್ನು ಹಾಗೆ ಮಾಡುತ್ತದೆ. ಮಗಳು ಪಕ್ಕದಲ್ಲಿದ್ದಳು, ಕೈ ಹಿಡಿದಳು.

ನನ್ನ ನಿಜವಾದ ತಪ್ಪು ಬೇರೆ. ಐದು ಸಚಿನ್ ಕಾರ್ಡುಗಳನ್ನು ಬೆಂಗಳೂರಿನ ಒಬ್ಬರಿಗೆ 15,500ಕ್ಕೆ ಮೊದಲು ಕೊಟ್ಟುಬಿಟ್ಟೆ. ಬಾಡಿಗೆ ಅವತ್ತೇ ಕಟ್ಟಿದೆ, ಎದೆ ಹಗುರಾಯಿತು. ಆದರೆ ಉಳಿದ ನೂರೆಂಬತ್ತು ಫ್ಯೂಟೆರಾ ಕಾರ್ಡುಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ವಾರ್ನ್, ಲಾರಾ, ಜಯಸೂರ್ಯ ಅದರಲ್ಲೇ ಇದ್ದರು, ಆದರೂ ಸಚಿನ್ ಇಲ್ಲದ ಗುಂಪು ದೇವರಿಲ್ಲದ ತೇರಿನ ಹಾಗೆ. ಎರಡು ತಿಂಗಳು ಕಾದು 9,000ಕ್ಕೆ ಕೊಟ್ಟೆ. ಒಂದೊಂದು ಸಚಿನ್ ಜೊತೆ ಮೂವತ್ತಾರು ಕಾರ್ಡು ಕಟ್ಟಿ ಐದು ಗಂಟು ಮಾಡಿದ್ದರೆ ಬೇರೆಯೇ ಆಗುತ್ತಿತ್ತು. ಗಮ್ ಚಿತ್ರಗಳಲ್ಲಿ ಆ ಬುದ್ಧಿ ಬಂದಿತ್ತು: ಕಪಿಲ್, ಗವಾಸ್ಕರ್, ಬಿನ್ನಿಯವರನ್ನು ಬಿಡಿಸದೆ ಪೂರಾ ಡಬ್ಬಿ ಮಾರಿದೆ. ನನ್ನದೇ ವಯಸ್ಸಿನ ಹುಬ್ಬಳ್ಳಿಯವರೊಬ್ಬರು 10,500 ಕೊಟ್ಟರು.

ಪ್ಯಾಕಿಂಗಿಗೆ ಮೆತ್ತನೆ ಕವರು, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ, ಆಚೀಚೆ ನಮ್ಮ ಜೀನ್ಸ್ ಲೇಬಲ್ಲಿನ ರಟ್ಟು. ರಬ್ಬರ್ ಬ್ಯಾಂಡ್ ಮುಟ್ಟಲೇಬಾರದು, ಅದು ಅಂಚು ಕಚ್ಚುತ್ತದೆ. ಕಟ್ಟುವುದನ್ನು ಮೊದಲಿಂದ ಕೊನೆವರೆಗೆ ವಿಡಿಯೋ ಮಾಡಿ, ವಿಮೆ ಹಾಕಿಸಿ ಸ್ಪೀಡ್ ಪೋಸ್ಟ್ ಮಾಡಿದೆ.

ಅಲ್ಲಿಗೆ 35,000 ಆಯಿತು. ಸಾವಿರ ಕಡಿಮೆ. ಅಜ್ಜನದ್ದು ಬೇಡ ಎಂದು ಹೆಂಡತಿ ಮೊದಲಿಂದಲೂ ಹೇಳುತ್ತಿದ್ದಳು. ಎಂಬತ್ತಾರು ವರ್ಷದ ಹಳೆಯದು, ಬೆಲೆ ಲಕ್ಷಕ್ಕೆ ಹೋಗಬಹುದು ಎಂದು ನನ್ನ ಎಣಿಕೆ. ನೋಡಿದರೆ ಆ ಕಾಲದಲ್ಲಿ ಸಿಗರೇಟು ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ದರು. ಹಳೆಯದೆಲ್ಲ ಅಪರೂಪವಲ್ಲ. ಮೈಸೂರಿನ ಹಿರಿಯರೊಬ್ಬರು ಹನ್ನೆರಡಕ್ಕೆ 2,400 ಹೇಳಿದರು. ಅವರ ಹತ್ತಿರ ಅದೇ ಸೆಟ್ಟಿನ ಮೂವತ್ತೆಂಟು ಇದ್ದವು, ಪೂರ್ತಿ ಸೆಟ್ಟು 50ರದು, ಇಲ್ಲದ್ದು ಸರಿಯಾಗಿ ಈ ಹನ್ನೆರಡೇ. ಹೆಂಡತಿಗೆ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಕೊಡಿ ಎಂದಳು.

ಆ ಶನಿವಾರ ಬಟವಾಡೆ ಪೂರಾ ಆಯಿತು. ಟ್ರಂಪ್ ಕಾರ್ಡುಗಳನ್ನು ಮಾರುವ ಪ್ರಸಂಗ ಬರಲಿಲ್ಲ, ಮಗಳು ಆಡುತ್ತಾಳೆ. ಮೈಸೂರಿನವರು ವಾರದ ನಂತರ ಒಂದು ಫೋಟೋ ಕಳಿಸಿದರು. ಬಿಳಿ ಬಟ್ಟೆಯ ಮೇಲೆ ಐದು ಸಾಲು, ಸಾಲಿಗೆ ಹತ್ತು, ಒಂದೂ ಖಾಲಿಯಿಲ್ಲ. ಮೂರನೇ ಸಾಲಿನಲ್ಲಿ ಎಡಮೂಲೆಗೆ ಚಹಾದ ಕಲೆ ಇರುವುದು ನಮ್ಮಜ್ಜನದು.