ಕೋವಿಡ್ ಲಸಿಕೆಯ ಮೂರನೇ ಡೋಸ್ ಯಾವ್ದು ಹಾಕಿಸ್ಲಿ ಅಂತ ಕೇಳೋ ನಮ್ಮ ಕೊಡಗಿನವ್ರಿಗೆ (ಆಗಸ್ಟ್ 2022ರಲ್ಲಿ ಬರೆದಿದ್ದು, ನಿಯಮ ತಾರೀಖು ಎಲ್ಲ ಆಗಿಂದು)

ಬೂಸ್ಟರ್ ಯಾವ್ದು ಹಾಕಿಸ್ಲಿ, ಮೊದಲು ಹಾಕಿಸಿದ್ದನ್ನೇ ಹಾಕಿಸ್ಲಾ ಇಲ್ಲ ಈಗ ಬಂದಿರೋ ಕೋರ್ಬೆವ್ಯಾಕ್ಸ್ ಒಳ್ಳೇದಾ ಅಂತ ಒಂದು ವಾರದಿಂದ ಸಿಕ್ಕಿದೋರೆಲ್ಲ ಕೇಳ್ತಿದ್ದಾರೆ. ನಾನು ಡಾಕ್ಟ್ರಲ್ಲ, ಸಿದ್ದಾಪುರದ ಹತ್ರ ಸಣ್ಣ ಕಾಫಿ ತೋಟ, ಮನೇಲಿ 67 ವರ್ಷದ ಅವ್ವ ಇದ್ದಾರೆ, ಬಿಪಿ ಶುಗರ್ ಎರಡೂ ಇದೆ, ಅವ್ರಿಗೋಸ್ಕರ ಓದಿ ಕೇಳಿ ತಿಳ್ಕೊಂಡಿದ್ದನ್ನೇ ಇಲ್ಲಿ ಬರೀತಿದ್ದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಯಾವ್ದು ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಹಳೇ ಸರ್ಟಿಫಿಕೇಟಲ್ಲೇ ಇದೆ, ಉಳಿದಿದ್ದೆಲ್ಲ ಯಾವಾಗ ಅನ್ನೋದ್ರ ಮೇಲೆ.

ಹಾಗಾಗಿ ಮೊದ್ಲು ಆ ಸರ್ಟಿಫಿಕೇಟ್ ತೆಗೀರಿ. ಅದ್ರಲ್ಲಿ ಎರಡು ನೋಡ್ಬೇಕು, ಲಸಿಕೆ ಹೆಸರು ಮತ್ತೆ ಎರಡನೇ ಡೋಸಿನ ತಾರೀಖು. ಜನವರಿ 10ಕ್ಕೆ ಈ ಮೂರನೇ ಡೋಸ್, ಸರ್ಕಾರದ ಮಾತಲ್ಲಿ ಮುನ್ನೆಚ್ಚರಿಕೆ ಡೋಸ್, ಶುರು ಮಾಡ್ದಾಗ ಒಂಬತ್ತು ತಿಂಗಳು ಕಾಯ್ಬೇಕಿತ್ತು, ಜುಲೈಯಲ್ಲಿ ಅದನ್ನ ಆರು ತಿಂಗಳಿಗೆ ಅಂದ್ರೆ 26 ವಾರಕ್ಕೆ ಇಳಿಸಿದ್ದಾರೆ. ಎರಡನೇದು ಫೆಬ್ರವರಿ 20ಕ್ಕೆ ಆಗಿದ್ರೆ ಈ ಆಗಸ್ಟ್ 21ಕ್ಕೆ ನಿಮ್ಮ ಸರದಿ. ತುಂಬ ಜನ ಇನ್ನೂ ಒಂಬತ್ತು ತಿಂಗಳ ಲೆಕ್ಕದಲ್ಲೇ ಕೂತಿದ್ದಾರೆ. ಜುಲೈ 15ರಿಂದ ಸೆಪ್ಟೆಂಬರ್ 30ರ ತನಕ, 18 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರದಲ್ಲಿ ಫ್ರೀ ಇದೆ. ಅದಕ್ಕೆ ಮುಂಚೆ 60ರ ಒಳಗಿನವ್ರು ಪ್ರೈವೇಟಲ್ಲಿ 225 ರೂಪಾಯಿ, ಅದ್ರ ಮೇಲೆ 150ರ ತನಕ ಸರ್ವಿಸ್ ಚಾರ್ಜ್ ಕೊಡ್ಬೇಕಿತ್ತು, ಮನೇಲಿ ನಾಲ್ಕು ಜನ ಇದ್ರೆ ಸಣ್ಣ ದುಡ್ಡಲ್ಲ.

ನಡುವೆ ಕೋವಿಡ್ ಬಂದಿದ್ರೆ ಗುಣ ಆದ್ಮೇಲೆ ಮೂರು ತಿಂಗಳು ಬಿಟ್ಟು ಹಾಕಿಸ್ಕೊಳ್ಳಿ ಅಂತ ಸರ್ಕಾರನೇ ಹೇಳಿದೆ. ನಮ್ಮವ್ವಂಗೆ ಜನವರಿಯಲ್ಲಿ ಬಂದಿತ್ತು, ಒಮಿಕ್ರಾನ್ ಸಮಯ, ಅದಕ್ಕೇ ಅವ್ರದ್ದು ತಡ ಆಯ್ತು.

ಈಗ ಯಾವ್ದು ಅನ್ನೋದಕ್ಕೆ ಬರ್ತೀನಿ. ಇಲ್ಲಿ ತನಕ ನಿಯಮ ಸರಳ ಇತ್ತು, ಕೋವಿಶೀಲ್ಡ್ ಹಾಕಿಸಿದ್ರೆ ಕೋವಿಶೀಲ್ಡ್, ಕೋವ್ಯಾಕ್ಸಿನ್ ಆದ್ರೆ ಕೋವ್ಯಾಕ್ಸಿನ್. ಆಗಸ್ಟ್ 10ಕ್ಕೆ ಕೋರ್ಬೆವ್ಯಾಕ್ಸ್‌ಗೆ ಒಪ್ಪಿಗೆ ಸಿಕ್ಕಿದೆ, ಈ ಎರಡರಲ್ಲಿ ಯಾವ್ದು ತಗೊಂಡಿದ್ರೂ ಮೂರನೇದಾಗಿ ಅದನ್ನ ಹಾಕಿಸ್ಬಹುದು. ಆದ್ರೆ ಕೋವಿಶೀಲ್ಡ್‌ನವ್ರು ಕೋವ್ಯಾಕ್ಸಿನ್‌ಗೆ, ಕೋವ್ಯಾಕ್ಸಿನ್‌ನವ್ರು ಕೋವಿಶೀಲ್ಡ್‌ಗೆ ಬದಲಾಯಿಸೋಕೆ ಈಗ್ಲೂ ಇಲ್ಲ, ಅದಕ್ಕೆ ಆ ಎರಡರಲ್ಲಿ ಯಾವ್ದು ಮೇಲು ಅಂತ ಜಗಳ ಆಡಿ ಪ್ರಯೋಜನ ಇಲ್ಲ. ನಿಮ್ಮ ಮುಂದೆ ಇರೋದು ಎರಡೇ ದಾರಿ, ಹಳೇದೇ ಇನ್ನೊಂದು, ಇಲ್ಲ ಕೋರ್ಬೆವ್ಯಾಕ್ಸ್.

ವ್ಯತ್ಯಾಸ ಏನು ಅಂದ್ರೆ, ಕೋವಿಶೀಲ್ಡ್‌ನಲ್ಲಿ ಚಿಂಪಾಂಜಿಗೆ ನೆಗಡಿ ತರೋ ಒಂದು ವೈರಸ್ಸನ್ನ ಬೆಳೀದ ಹಾಗೆ ಮಾಡಿ ಅದ್ರೊಳಗೆ ಕೊರೊನಾ ವೈರಸ್ಸಿನ ಮೈಮೇಲಿರೋ ಮುಳ್ಳಿನ ಮಾಹಿತಿ ಇಟ್ಟು ಕಳಿಸ್ತಾರೆ. ಕೋವ್ಯಾಕ್ಸಿನ್‌ನಲ್ಲಿ ಸಾಯಿಸಿದ ಕೊರೊನಾ ವೈರಸ್ಸೇ ಇಡೀ ಇರುತ್ತೆ. ಕೋರ್ಬೆವ್ಯಾಕ್ಸ್‌ನಲ್ಲಿ ವೈರಸ್ಸೇ ಇಲ್ಲ, ಆ ಮುಳ್ಳಿನ ಒಂದು ಚೂರು ಪ್ರೋಟೀನನ್ನ ಯೀಸ್ಟಲ್ಲಿ ಬೆಳೆಸಿ ತೆಗೀತಾರೆ, ಹೆಪಟೈಟಿಸ್ ಬಿ ಲಸಿಕೆ ಮಾಡೋದೂ ಹೀಗೇನೇ, ಅಂದ್ರೆ ವಿಧಾನ ಹೊಸದಲ್ಲ. 12ರಿಂದ 14ರ ಮಕ್ಕಳಿಗೆ ಸ್ಕೂಲಲ್ಲಿ ಕೊಟ್ಟಿದ್ದೂ ಇದನ್ನೇ. ಬೇರೇದು ಹಾಕಿದ್ರೆ ಪವರ್ ಜಾಸ್ತಿ ಅಂತೆ ಅಂತ ಕೆಲವ್ರು ಅದಕ್ಕೇ ಕಾಯ್ತಿದ್ದಾರೆ. 2021ರಲ್ಲಿ ಇಂಗ್ಲೆಂಡಲ್ಲಿ ಕೋವ್-ಬೂಸ್ಟ್ ಅಂತ ಒಂದು ಟ್ರಯಲ್ ಮಾಡಿದ್ರು, ನಮ್ಮ ಕೋವಿಶೀಲ್ಡೇ ಅಲ್ಲಿ ಆಸ್ಟ್ರಾಜೆನೆಕಾ, ಅದನ್ನ ಎರಡು ಡೋಸ್ ತಗೊಂಡೋರಿಗೆ ಏಳು ಬೇರೆಬೇರೆ ಲಸಿಕೆ ಮೂರನೇದಾಗಿ ಕೊಟ್ಟು ನೋಡಿದ್ರು, ಏಳೂ ಆಂಟಿಬಾಡಿ ಏರಿಸಿದ್ವು, ಕೆಲವು ಜಾಸ್ತಿ ಕೆಲವು ಕಮ್ಮಿ, ಹಳೇದನ್ನೇ ಮತ್ತೆ ಕೊಟ್ಟಿದ್ದೂ ಏರಿಸ್ತು. ಕೋರ್ಬೆವ್ಯಾಕ್ಸ್ ಆ ಏಳರಲ್ಲಿ ಇರ್ಲಿಲ್ಲ, ಅದೂ ಗೊತ್ತಿರ್ಲಿ. ನನ್ನ ಅಭಿಪ್ರಾಯ ಕೇಳಿದ್ರೆ, ಎರಡು ಡೋಸಿಗೂ ಒಂದು ದಿನ ಜ್ವರ ಮೈಕೈ ನೋವು ಬಿಟ್ರೆ ಏನೂ ಆಗಿಲ್ಲ ಅಂದ್ರೆ ನಿಮಗಿರೋ ಆ ಎರಡು ದಾರಿಯಲ್ಲಿ ಹತ್ತಿರದ ಕೇಂದ್ರದಲ್ಲಿ ಇವತ್ತು ಯಾವ್ದು ಇದ್ಯೋ ಅದನ್ನ ಹಾಕಿಸಿ. 60 ದಾಟಿದವ್ರನ್ನ, ಶುಗರ್ ಕಿಡ್ನಿ ಹಾರ್ಟ್ ತೊಂದ್ರೆ ಇರೋರನ್ನ ಹೊಸದು ಬರ್ಲಿ ಅಂತ ದಯವಿಟ್ಟು ಕಾಯಿಸ್ಬೇಡಿ. ಮೂರು ಡೋಸ್ ಆದ್ಮೇಲೂ ಕೋವಿಡ್ ಬರ್ಬಹುದು, ಆದ್ರೆ ಆಸ್ಪತ್ರೆ ಆಕ್ಸಿಜನ್ ತನಕ ಹೋಗೋದು ಕಮ್ಮಿ ಆಗುತ್ತೆ, ನಮಗೆ ಬೇಕಾಗಿರೋದು ಅದೇ.

ನಿಜವಾಗ್ಲೂ ಯೋಚಿಸಿ ಆಯ್ಕೆ ಮಾಡ್ಬೇಕಾದೋರು ಸ್ವಲ್ಪ ಜನ ಇದ್ದಾರೆ. ಮೊದಲಿನ ಡೋಸ್ ಹಾಕಿದ ತಕ್ಷಣ ಮುಖ ಊದಿ ಉಸಿರು ಕಟ್ಟಿದ್ರೆ, ಇಲ್ಲ ಕೋವಿಶೀಲ್ಡ್ ಆದ್ಮೇಲೆ ಪ್ಲೇಟ್ಲೆಟ್ ಇಳಿದು ರಕ್ತ ಹೆಪ್ಪುಗಟ್ಟಿದ್ರೆ, ಅದೇ ಲಸಿಕೆ ಮತ್ತೆ ಬೇಡ, ಹಳೇ ರಿಪೋರ್ಟ್ ಹಿಡ್ಕೊಂಡು ಡಾಕ್ಟ್ರ ಹತ್ರ ಕೂತು ಮಾತಾಡಿ. ಬಸುರಿಯರು ತಾಯಿ ಕಾರ್ಡ್ ತಗೊಂಡು ಹೋಗಿ ಕೇಳಿ. ರಕ್ತ ತೆಳು ಮಾಡೋ ಮಾತ್ರೆ ನುಂಗೋರು ಅದನ್ನ ತಾವೇ ನಿಲ್ಲಿಸ್ಬೇಡಿ, ಸಿಸ್ಟರ್‌ಗೆ ಮೊದ್ಲೇ ಹೇಳಿ, ಸೂಜಿ ತೆಗೆದ್ಮೇಲೆ ಹತ್ತಿ ಒತ್ತಿ ಸ್ವಲ್ಪ ಹೊತ್ತು ಜಾಸ್ತಿ ಹಿಡ್ಕೊಳ್ಳಿ.

ಹೋಗೋ ಮುಂಚೆ ಫೋನ್ ಮಾಡಿ, ಇದನ್ನ ನಾನು ಅನುಭವಿಸಿ ಹೇಳ್ತಿದ್ದೀನಿ. ಜುಲೈ ಮಳೇಲಿ ಜೀಪ್ ಮಾಡ್ಕೊಂಡು ಅವ್ವನ್ನ ಒಂದು ಕೇಂದ್ರಕ್ಕೆ ಕರ್ಕೊಂಡು ಹೋದ್ರೆ, ನಾಲ್ಕೇ ಜನ ಇದ್ದೀರಿ ನಾಳೆ ಬನ್ನಿ ಅಂತ ವಾಪಸ್ ಕಳಿಸಿದ್ರು. ಕೋವಿಶೀಲ್ಡ್ ವಯಲ್ ಒಂದ್ರಲ್ಲಿ ಹತ್ತು ಡೋಸ್, ತೆರೆದ್ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸ್ಬೇಕು, ಅದಕ್ಕೆ ಜನ ಸೇರೋ ತನಕ ತೆರೆಯಲ್ಲ. ವಯಸ್ಸಾದೋರು ನಡುಗ್ತಾ ನಿಂತಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ನಮ್ಮ ಕಡೆ ಆಶಾ ಅಕ್ಕನೇ ಹೆಸರು ಬರ್ಕೊಂಡು ಹನ್ನೊಂದು ಜನ ಸೇರಿಸಿ ದಿನ ಹೇಳಿದ್ರು, ಅರ್ಧ ಗಂಟೇಲಿ ಎಲ್ಲ ಮುಗೀತು.

ಮೊದಲು ರಿಜಿಸ್ಟರ್ ಮಾಡಿದ ಅದೇ ಮೊಬೈಲ್ ನಂಬರ್, ಅದೇ ಐಡಿ ಕಾರ್ಡ್ ಬೇಕು, ಬೇರೆ ನಂಬರ್ ಕೊಟ್ರೆ ಸರ್ಕಾರದ ಲಸಿಕೆ ನೋಂದಣಿ ಆ್ಯಪ್ ಕೋವಿನ್‌ನಲ್ಲಿ ಹೊಸದಾಗಿ ಮೊದಲನೇ ಡೋಸ್ ಅಂತ ಬಂದ್ಬಿಡುತ್ತೆ. ಮಳೇಲಿ ಕರೆಂಟ್ ಹೋದ್ರೆ ನಮ್ಮಲ್ಲಿ ಟವರೂ ಹೋಗುತ್ತೆ, ಓಟಿಪಿ ಬರಲ್ಲ, ಅದಕ್ಕೆ ಹಳೇ ಸರ್ಟಿಫಿಕೇಟ್ ಪ್ರಿಂಟ್ ತಗೊಂಡು ಹೋಗಿ, ಅದ್ರಲ್ಲಿ ರೆಫರೆನ್ಸ್ ಐಡಿ ಇರುತ್ತೆ. ಇನ್ನೊಂದು, ನಮ್ಮ ಹಿರಿಯ ಹೆಂಗಸರು ಉದ್ದ ತೋಳಿನ ರವಿಕೆ, ಮೇಲೆ ಸ್ವೆಟರ್ ಹಾಕ್ಕೊಂಡು ಬರ್ತಾರೆ, ಸೂಜಿ ಚುಚ್ಚೋದು ಹೆಗಲ ಕೆಳಗಿನ ಮಾಂಸಕ್ಕೆ, ಆ ಬಿಗಿ ತೋಳು ಅಷ್ಟು ಮೇಲೆ ಹೋಗಲ್ಲ, ಅವ್ವ ಪಾಪ ಅಷ್ಟು ಜನರ ಮುಂದೆ ಸಂಕೋಚದಲ್ಲಿ ಕುಗ್ಗಿ ಹೋದ್ರು. ಸಡಿಲ ಗಿಡ್ಡ ತೋಳಿಂದು ಹಾಕ್ಸಿ, ಮೇಲೆ ಶಾಲು ಹೊದಿಸಿ. ಸಿಸ್ಟರ್ ಸಿರಿಂಜ್ ತುಂಬೋ ಮುಂಚೆ ವಯಲ್ ಮೇಲಿನ ಹೆಸರು ತೋರ್ಸಿ ಅಂತ ಕೇಳಿ, ಬೇಜಾರ್ ಮಾಡ್ಕೊಳ್ಳಲ್ಲ. ಹಾಕಿಸಿ ಅರ್ಧ ಗಂಟೆ ಅಲ್ಲೇ ಕೂತ್ಕೊಳ್ಳಿ.

ಮನೆಗೆ ಬಂದ್ಮೇಲೆ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಸಾಕು. ಎರಡ್ಮೂರು ವಾರದೊಳಗೆ ಉಸಿರಾಟಕ್ಕೆ ಕಷ್ಟ, ಎದೆನೋವು, ಕಾಲು ಊತ, ಬಿಡದ ಜೋರು ತಲೆನೋವು, ಸೂಜಿ ಹಾಕಿದ ಜಾಗ ಬಿಟ್ಟು ಬೇರೆ ಕಡೆ ಕೆಂಪು ಚುಕ್ಕಿ, ಇದ್ರಲ್ಲಿ ಯಾವ್ದು ಕಂಡ್ರೂ ಅವತ್ತೇ ಆಸ್ಪತ್ರೆಗೆ ಹೋಗಿ. ಬಹಳ ಅಪರೂಪ, ಆದ್ರೆ ಗೊತ್ತಿರ್ಬೇಕು. ರಕ್ಷಣೆ ಏರೋಕೆ ಹತ್ತತ್ರ ಎರಡು ವಾರ ಬೇಕು, ಸೆಪ್ಟೆಂಬರ್ ಮೊದಲ ವಾರ ನಮ್ಮ ಕೊಡಗಿನ ಹಬ್ಬ ಕೈಲ್‌ಪೊಳ್ದ್‌ಗೆ ಬೆಂಗ್ಳೂರು ಮೈಸೂರಿಂದ ಮಕ್ಕಳು ಮೊಮ್ಮಕ್ಕಳು ಬರ್ತಾರಲ್ಲ, ಅಜ್ಜ ಅಜ್ಜಿಯರಿಗೆ ಈ ವಾರವೇ ಹಾಕಿಸಿದ್ರೆ ಸರಿಯಾಗುತ್ತೆ.

ತೋಟದವ್ರಿಗೆ ಒಂದು ಮಾತು. ಕೆಲಸಗಾರರ ಲೈನ್ ಮನೇಲಿ ಇರೋ ಅಸ್ಸಾಂ ಹುಡುಗ್ರಿಗೆ ಎರಡು ಡೋಸ್ ಅವ್ರ ಊರಲ್ಲೇ ಆಗಿದ್ರೂ ಮೂರನೇದು ಇಲ್ಲಿ ಸಿಗುತ್ತೆ, ಕೋವಿನ್ ದೇಶಕ್ಕೆಲ್ಲ ಒಂದೇ. ಅವ್ರ ಸರ್ಟಿಫಿಕೇಟ್ ನೀವೇ ಕೂತು ನೋಡಿ ತಾರೀಖು ಲೆಕ್ಕ ಹಾಕಿ, ಹತ್ತು ಜನ ಆದ ದಿನ ಒಟ್ಟಿಗೆ ಜೀಪಲ್ಲಿ ಕರ್ಕೊಂಡು ಹೋಗಿ. ಮಾರನೇ ದಿನ ಕೈ ಎತ್ತೋಕೆ ಆಗಲ್ಲ, ಮರ ಹತ್ತೋ ಕೆಲ್ಸ, ಔಷಧಿ ಹೊಡೆಯೋ ಕೆಲ್ಸಕ್ಕೆ ಕಳಿಸ್ಬೇಡಿ, ಆ ದಿನದ ಸಂಬಳನೂ ಹಿಡೀಬೇಡಿ.