ವಿಯೆನ್ನಾ ಸಮ್ಮೇಳನ: ವೀಸಾ ಸರಿಯಾಯ್ತು, ಪೋಸ್ಟರ್ ಉಲ್ಟಾ ಆಯ್ತು

ನನ್ನ ಪಿಎಚ್‌ಡಿ ಕೆರೆಗಳ ಮೇಲೆ. ಕೋಲಾರದ ಕಡೆ ಕೆರೆ ತುಂಬಿದ ವರ್ಷ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಅನ್ನೋದು ವಿಷಯ. ಅದನ್ನು ಹೊತ್ತುಕೊಂಡು 2024ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗಿದ್ದೆ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಅನ್ನೋ ಭೂವಿಜ್ಞಾನಿಗಳ ಸಂಘ ಪ್ರತಿವರ್ಷ ಅಲ್ಲಿ ದೊಡ್ಡ ಸಮ್ಮೇಳನ ನಡೆಸುತ್ತದೆ. ಅದಕ್ಕೂ ಮುಂಚೆ ನಾನು ವಿಮಾನ ಹತ್ತಿದ್ದು ಒಂದೇ ಸಲ, ದೆಹಲಿಗೆ. ಈಗ ಲ್ಯಾಬಿನ ಜೂನಿಯರ್‌ಗಳು ಹೇಗೆ ಹೋದಿರಿ, ಏನೇನು ಬೇಕು ಅಂತ ದಿನಾ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ಅದಕ್ಕೇ ಒಂದು ಸಲ ಬರೆದಿಡೋಣ ಅಂತ.

ಸಮ್ಮೇಳನ ಇದ್ದದ್ದು ಏಪ್ರಿಲ್ 14ರಿಂದ 19. ಸಂಶೋಧನೆಯ ಸಾರಾಂಶ ಕಳಿಸಲು ಕೊನೇ ದಿನ ಜನವರಿಯಲ್ಲೇ. ನಡುವೆ ಮೂರು ತಿಂಗಳು ಇದೆಯಲ್ಲ ಅನ್ನಿಸುತ್ತದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ವೀಸಾ ತಿಂದುಹಾಕುತ್ತದೆ. ಷೆಂಗೆನ್ ವೀಸಾಕ್ಕೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು) ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45 ದಿನದವರೆಗೂ ಹೋಗಬಹುದು. ನನಗೆ ಕಷ್ಟವಾದದ್ದು ಅದಲ್ಲ, ಬೆರಳಚ್ಚು ಕೊಡಲು ಅಪಾಯಿಂಟ್‌ಮೆಂಟ್ ಸಿಗೋದು. ರಾತ್ರಿ ಎದ್ದು ಎದ್ದು ನೋಡುತ್ತಿದ್ದೆ. ಕೊನೆಗೆ ಮಾರ್ಚ್ ಮೊದಲ ವಾರದಲ್ಲಿ ಒಂದು ಸಿಕ್ಕಿತು. ಸಾರಾಂಶ ಒಪ್ಪಿಗೆಯಾಗಲಿ ಅಂತ ಕಾಯದೆ ಆ ದಿನಾಂಕ ಮೊದಲು ಹಿಡಿದುಕೊಳ್ಳಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಕಾಗದಗಳ ವಿಷಯ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬರುವ ದಿನದ ನಂತರ ಇನ್ನೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸಬೇಕು. ನಾನು ಹಿಂದೆಮುಂದೆ ಎರಡು ದಿನ ಜಾಸ್ತಿ ತೆಗೆದುಕೊಂಡೆ, ವಿಮಾನ ತಡವಾದರೂ ಚಿಂತೆಯಿಲ್ಲ ಅಂತ. ವೀಸಾ ಶುಲ್ಕ ಆಗ 80 ಯೂರೋ ಇತ್ತು, 2024ರ ಜೂನ್‌ನಲ್ಲಿ 90 ಆಯಿತು. ನಮ್ಮಂಥ ಫೆಲೋಶಿಪ್ ಗಿರಾಕಿಗಳ ಖಾತೆಯಲ್ಲಿ ದುಡ್ಡು ಎಲ್ಲಿರುತ್ತದೆ? ಅಪ್ಪನ ಹತ್ತಿರ ಎರಡು ಲಕ್ಷ ಇಸಕೊಂಡು ಹಿಂದಿನ ದಿನ ಖಾತೆಗೆ ಹಾಕಿಸುವ ಯೋಚನೆ ನನಗೂ ಬಂದಿತ್ತು. ಬೇಡ. ದಿಢೀರನೆ ಬಂದ ದುಡ್ಡು ಅರ್ಜಿಯ ಜೊತೆ ಕೊಡುವ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ. ಅದರ ಬದಲು ಖರ್ಚು ಯಾರು ಕೊಡುತ್ತಾರೆ ಅನ್ನೋದಕ್ಕೆ ಸಂಸ್ಥೆಯ ಪತ್ರ, ರಜೆ ಮಂಜೂರಾದ ಪತ್ರ, ಸಮ್ಮೇಳನದವರ ಆಹ್ವಾನ, ಈ ಮೂರನ್ನು ಗಟ್ಟಿ ಮಾಡಿಕೊಂಡೆ. ಮುಗಿದ ಮೇಲೆ ಎರಡು ದಿನ ಚೆಕ್ ದೇಶದ ಪ್ರಾಗ್‌ಗೆ ಹೋಗುವ ಆಸೆಯಿತ್ತು, ರೈಲಿನಲ್ಲಿ ನಾಲ್ಕು ಗಂಟೆ ಅಷ್ಟೇ. ಹಾಗಿದ್ದರೂ ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಹಾಗಾಗಿ ಆಸ್ಟ್ರಿಯಾ.

ಒಂದು ಮಾತು ಟಿಕೆಟ್ ಬಗ್ಗೆ. ಸರ್ಕಾರಿ ಅನುದಾನದಲ್ಲಿ ಹೋಗುವವರು ಕಂಡ ಕಂಡ ಆ್ಯಪ್‌ನಲ್ಲಿ ಬುಕ್ ಮಾಡಬೇಡಿ. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಈ ಮೂರು ಸರ್ಕಾರಿ ಕಂಪನಿಗಳಲ್ಲಿ ಒಂದರ ಮೂಲಕವೇ ಆಗಬೇಕು. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಲೆಕ್ಕಪತ್ರದವರಿಗೆ ನೀವು ಹೋಗಿದ್ದಕ್ಕೆ ಅದೇ ಸಾಕ್ಷಿ, ಅಲ್ಲಿ ತೆಗೆದ ಸೆಲ್ಫಿ ಅಲ್ಲ.

ಬೆಂಗಳೂರಿನಿಂದ ವಿಯೆನ್ನಾಕ್ಕೆ ನೇರ ವಿಮಾನ ಸಿಗಲಿಲ್ಲ, ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಹೋದೆ. ನನಗೆ ಗೊತ್ತಿರದ ಸಂಗತಿ ಏನೆಂದರೆ, ಇಮಿಗ್ರೇಷನ್ ನಡೆಯೋದು ಮೊದಲು ಕಾಲಿಟ್ಟ ಷೆಂಗೆನ್ ಊರಿನಲ್ಲಿ. ಅಂದರೆ ಫ್ರಾಂಕ್‌ಫರ್ಟ್‌ನಲ್ಲೇ. ಎರಡು ಗಂಟೆ ನಡುವಿನ ಸಮಯ ಸಾಲಿನಲ್ಲೇ ಕರಗಿತು, ಗೇಟಿಗೆ ಓಡಿದ್ದೇ ಓಡಿದ್ದು. ಆಹ್ವಾನ ಪತ್ರದ ಪ್ರಿಂಟ್ ಕೈಚೀಲದಲ್ಲೇ ಇರಲಿ, ನನ್ನನ್ನು ಕೇಳಿದರು. 2025ರ ಅಕ್ಟೋಬರ್‌ನಿಂದ ಮುದ್ರೆಯ ಬದಲು ಫೋಟೋ, ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿ ಶುರುವಾಗಿದೆ, ಹಾಗಾಗಿ ಈಗ ಮೂರು ಗಂಟೆ ಇಟ್ಟುಕೊಂಡರೆ ಒಳ್ಳೇದು.

ತಿಂಡಿ ಒಯ್ಯುವವರಿಗೆ: ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋದನ್ನು ಅವರು ಒಪ್ಪೋದಿಲ್ಲ. ಗೆಳೆಯ ಕೊಟ್ಟ ಧಾರವಾಡ ಪೇಡ ವಿಮಾನ ನಿಲ್ದಾಣದಲ್ಲೇ ನಾನೂ ಅಣ್ಣನೂ ಕೂತು ಮುಗಿಸಿದೆವು. ಅವಲಕ್ಕಿ, ಚಟ್ನಿಪುಡಿ ಜೊತೆಗೆ ಬಂದವು.

ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಹಸಿರು ಬಣ್ಣದ ಸಿಟಿ ಏರ್‌ಪೋರ್ಟ್ ಟ್ರೈನ್‌ನ ಜಾಹೀರಾತು ಕಣ್ಣಿಗೆ ರಾಚುತ್ತದೆ. 16 ನಿಮಿಷದಲ್ಲಿ ಊರು ಸೇರಿಸುತ್ತದೆ, ಸರಿ, ಆದರೆ ದುಬಾರಿ. ಅದೇ ನಿಲ್ದಾಣದಿಂದ ಸಾಮಾನ್ಯ ರೈಲು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಹಾಪ್ಟ್‌ಬಾನ್‌ಹೋಫ್, ಅಂದರೆ ಊರಿನ ಮುಖ್ಯ ರೈಲು ನಿಲ್ದಾಣ, ಮುಟ್ಟಿಸುತ್ತದೆ, 2024ರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ದುಡ್ಡಿಗೆ. ಸಮ್ಮೇಳನ ನಡೆಯುವ ಆಸ್ಟ್ರಿಯಾ ಸೆಂಟರ್ ಇರೋದು ಯು1 ಮೆಟ್ರೋದ ಕೈಸರ್‌ಮ್ಯೂಲೆನ್ ಸ್ಟೇಷನ್ ಪಕ್ಕ. ಅಲ್ಲಿ ರೂಮಿನ ಬಾಡಿಗೆ ಆ ವಾರ ಆಕಾಶಕ್ಕೆ. ನಾನು ಅದೇ ಯು1ರ ಮೇಲೆ ಕೆಪ್ಲರ್‌ಪ್ಲಾಟ್ಜ್ ಹತ್ತಿರ ಉಳಿದೆ. ಕಾಲು ಗಂಟೆ ದಾರಿ, ಎಲ್ಲೂ ಬದಲಾಯಿಸಬೇಕಿಲ್ಲ. ಮೆಟ್ರೋದಲ್ಲಿ ನಮ್ಮಲ್ಲಿಯಂತೆ ಗೇಟ್ ಇಲ್ಲ. ಯಾರೂ ಕೇಳಲ್ಲ ಅಂತ ಸುಮ್ನೆ ಹತ್ತಬೇಡಿ. ಕಾಗದದ ಟಿಕೆಟ್ ತೆಗೆದುಕೊಂಡರೆ ಮೊದಲು ನೀಲಿ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ.

ನಾನು ಮುಟ್ಟಿದ್ದು ಶನಿವಾರ. ಭಾನುವಾರ ಬೆಳಗ್ಗೆ ಹಾಲು ತರಲು ಹೊರಟರೆ ಇಡೀ ಬೀದಿ ಬಂದ್! ಭಾನುವಾರ ಅಲ್ಲಿ ಸೂಪರ್‌ಮಾರ್ಕೆಟ್ ತೆಗೆಯೋದಿಲ್ಲ, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವು ಅಂಗಡಿ ಬಿಟ್ಟು. ಅವಲಕ್ಕಿ ಕಾಪಾಡಿತು. ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ: ಫ್ರಿಟಾಟೆನ್ ಸೂಪ್ ಅಂತ ಸಿಗುತ್ತದೆ, ತೆಳು ದೋಸೆಯನ್ನು ಉದ್ದಕ್ಕೆ ಕತ್ತರಿಸಿ ಹಾಕಿದಂತೆ ಕಾಣುತ್ತದೆ. ದೋಸೆ ನೋಡಿ ಮೋಸ ಹೋಗಬೇಡಿ, ತಿಳಿಸಾರು ಗೋಮಾಂಸದ್ದು.

ನೀರಿಗೆ ಮಾತ್ರ ದುಡ್ಡು ಕೊಡಬೇಡಿ. ನಲ್ಲಿ ನೀರು ನೇರವಾಗಿ ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತದೆ. ಮೊದಲ ಕಾಲುವೆ 1873ರದ್ದು, ಎರಡನೇದು 1910ರದ್ದು. ಬೆಟ್ಟದಿಂದ ಊರಿಗೆ ಪಂಪ್ ಇಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ಕುಡಿಯುವ ಊರಿನವನು ನಾನು. ಆ ನಲ್ಲಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಹೊಟ್ಟೆಕಿಚ್ಚಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಚಾರ್ಜರ್: ಮೊಬೈಲಿನ ಎರಡು ಪಿನ್ನಿನದು ನೇರ ಕೂರುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ಏಪ್ರಿಲ್ ಹವೆಯನ್ನು ನಂಬಬೇಡಿ. ಭಾನುವಾರ ಅರ್ಧ ತೋಳಿನ ಅಂಗಿ, ಬುಧವಾರ ಸ್ವೆಟರ್ ಮೇಲೆ ಜಾಕೆಟ್.

ಇನ್ನು ಪೋಸ್ಟರ್, ಅಂದರೆ ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ಹಾಕಿ ಬೋರ್ಡಿಗೆ ಅಂಟಿಸಿ ಬಂದವರಿಗೆ ವಿವರಿಸೋದು. ಕಾಗದದ ಸುರುಳಿ ಡಬ್ಬಿ ಹೊತ್ತು ತಿರುಗೋದು ಬೇಡ ಅಂತ ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿದ್ದೆ. ಪಂಚೆಯಂತೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ, ಅದು ನನ್ನ ಜಾಣತನ. ದಡ್ಡತನ ಏನೆಂದರೆ, ವೀಸಾ ನಿಯಮಗಳನ್ನು ಇಪ್ಪತ್ತು ಸಲ ಓದಿದ ನಾನು ಪೋಸ್ಟರ್ ನಿಯಮ ಒಂದು ಸಲವೂ ಓದಿರಲಿಲ್ಲ. ನಮ್ಮ ಕಡೆಯ ಅಭ್ಯಾಸದಂತೆ ಎ0 ಅಳತೆಯಲ್ಲಿ ಉದ್ದಕ್ಕೆ ಮಾಡಿಸಿದ್ದೆ, ಎತ್ತರ 119 ಸೆಂಟಿಮೀಟರ್. ಅಲ್ಲಿನ ಬೋರ್ಡ್ ಅಡ್ಡಕ್ಕೆ: ಅಗಲ 197, ಎತ್ತರ 100. ಅಕ್ಕಪಕ್ಕದವರದ್ದೆಲ್ಲ ಸಿನಿಮಾ ಪರದೆಯಂತೆ ಹರಡಿಕೊಂಡಿದ್ದವು. ನನ್ನದು ಕೆಳಗೆ ಲಂಗದಂತೆ ನೇತಾಡುತ್ತಿತ್ತು. ಬಟ್ಟೆಯಾದ್ದರಿಂದ ಕೆಳಗಿನ 19 ಸೆಂಟಿಮೀಟರ್ ಹಿಂದಕ್ಕೆ ಮಡಚಿ ಪಿನ್ ಹಾಕಿದೆ. ಮಡಿಕೆಯೊಳಗೆ ಹೋದದ್ದು ಕೃತಜ್ಞತೆ, ಅನುದಾನ ಕೊಟ್ಟವರ ಲಾಂಛನ, ಗೈಡ್ ಹೆಸರಿನ ಸಾಲು.

ಆದರೂ ಜನ ಬಂದರು. ಸ್ಪೇನಿನ ಒಬ್ಬರು ಕೆರೆಯ ಹೂಳಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ, ನಿಮ್ಮ ಮೇಲ್ವಿಚಾರಕರು ಯಾರು ಅಂತ ಕೇಳಿದರು. ನಾನು ಮೊಣಕಾಲೂರಿ ಕೂತು ಎರಡು ಪಿನ್ ಕಿತ್ತು ಬಟ್ಟೆ ಬಿಡಿಸಿ ತೋರಿಸಿದೆ. ಅವರೂ ಪಕ್ಕದಲ್ಲಿ ಕೂತು ಓದಿಕೊಂಡರು.